ಪದಗಳಿಗೂ ಸಹವಾಸ ದೋಷ

ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕಗಳ ಮೇಲೆ ನನ್ನದೊಂದು ತಕರಾರಿದೆ. ಅವು ಪದದ ಅರ್ಥ ಹೇಳುತ್ತವೆ, ಜೊತೆಗಾರರನ್ನು ತೋರಿಸುವುದಿಲ್ಲ. 'ಡಿಸಪಾಯಿಂಟೆಡ್' ಅಂದರೆ ನಿರಾಶೆಗೊಂಡ, ಸರಿ. ನಿರಾಶೆ ಜಾಸ್ತಿಯಾದರೆ? 'ಬಿಟರ್‌ಲಿ ಡಿಸಪಾಯಿಂಟೆಡ್'. ಸಂಕಟವಾದರೆ 'ಡೀಪ್ಲಿ ಡಿಸ್ಟ್ರೆಸ್ಡ್'. ಅಚ್ಚರಿ ಖುಷಿ ಕೊಟ್ಟರೆ 'ಪ್ಲೆಸೆಂಟ್ಲಿ ಸರ್‌ಪ್ರೈಸ್ಡ್'. ಇವನ್ನೇ ಅದಲುಬದಲು ಮಾಡಿ 'ಬಿಟರ್‌ಲಿ ಸರ್‌ಪ್ರೈಸ್ಡ್' ಅನ್ನಿ. ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದರೂ ಕೇಳಿದವರು ಹುಬ್ಬೇರಿಸುತ್ತಾರೆ.

ನಮ್ಮಲ್ಲೂ ಹೀಗೇ ಅಲ್ವಾ? ಬಿಕ್ಕಿ ಬಿಕ್ಕಿ ಅಳಬಹುದು, ಬಿಕ್ಕಿ ಬಿಕ್ಕಿ ನಗಲಾಗದು.

ಇಂಥ ಜೋಡಿಗಳಿಗೆ ಭಾಷಾವಿಜ್ಞಾನಿಗಳು 'ಕೊಲೊಕೇಶನ್' ಅನ್ನುತ್ತಾರೆ. ಇದಕ್ಕೆ ಮಹತ್ವ ತಂದುಕೊಟ್ಟವರು ಬ್ರಿಟನ್ನಿನ ಜೆ. ಆರ್. ಫರ್ತ್. ಲಂಡನ್ನಿನಲ್ಲಿ ಹೆಸರು ಮಾಡುವ ಮೊದಲು ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಪದ ಎಂಥದ್ದು ಅಂತ ತಿಳಿಯಲು ಅದರ ಸಹವಾಸ ನೋಡಿ ಎಂಬರ್ಥದ ಮಾತನ್ನು ಅವರು ಬರೆದದ್ದು 1957ರಲ್ಲಿ.

ಸಹವಾಸವನ್ನು ಅಳೆಯುವುದು ಹೇಗೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ಹತ್ತು ಲಕ್ಷ ಪದಗಳ ಬರಹ ಇದೆ ಅಂದುಕೊಳ್ಳಿ. ಅದರಲ್ಲಿ 'ಬಿಟರ್‌ಲಿ' 20 ಸಲ, 'ಡಿಸಪಾಯಿಂಟೆಡ್' 50 ಸಲ ಬಂದಿದೆ. ಎಲ್ಲ ಪದಗಳನ್ನೂ ಇಸ್ಪೀಟೆಲೆಗಳ ಹಾಗೆ ಕಲೆಸಿಬಿಟ್ಟರೆ ಇವೆರಡು ಒಂದರ ಹಿಂದೊಂದು ಬೀಳುವುದು ಎಷ್ಟು ಸಲ? 20ನ್ನು 50ರಿಂದ ಗುಣಿಸಿ, ಹತ್ತು ಲಕ್ಷದಿಂದ ಭಾಗಿಸಿ: 0.001. ಅಂದರೆ ಇಂಥ ಸಾವಿರ ರಾಶಿ ಹುಡುಕಿದರೆ ಸರಾಸರಿ ಒಂದು. ನಿಜವಾದ ಬರಹದಲ್ಲಿ ಈ ಜೋಡಿ 5 ಸಲ ಸಿಕ್ಕಿತೋ, ಆಕಸ್ಮಿಕಕ್ಕಿಂತ 5,000 ಪಟ್ಟು ಹೆಚ್ಚು! ಸುಮ್ನೆ ಅಕ್ಕಪಕ್ಕ ಬಂದವಲ್ಲ ಇವು. ಈ ಪಟ್ಟಿನ ಲಾಗರಿದಮ್ಮಿಗೆ 'ಮ್ಯೂಚುವಲ್ ಇನ್ಫರ್ಮೇಶನ್' ಎಂದು ಹೆಸರು. ಒಂದು ಕೊರತೆ ಇದೆ. ತೀರಾ ಅಪರೂಪದ ಪದಗಳು ಒಮ್ಮೆ ಜೊತೆಗೆ ಕಂಡರೂ ಈ ಲೆಕ್ಕ ವಿಪರೀತ ದೊಡ್ಡದಾಗಿ ಬರುತ್ತದೆ.

ಲೆಕ್ಕಕ್ಕೆ ಬೇಕಾದ ಇಂಥ ಬರಹದ ರಾಶಿ, ಅಂದರೆ 'ಕಾರ್ಪಸ್', ಕಲೆಹಾಕುವ ಕೆಲಸ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ನಡೆಯಿತು. ಹತ್ತು ಲಕ್ಷ ಪದ. ಬೆಳಗಾವಿ ದಾಟಿದರೆ ಸಿಗುವ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲೂ ಅಷ್ಟೇ ದೊಡ್ಡ ರಾಶಿ ತಯಾರಾಯಿತು. ಅದರಲ್ಲಿರುವುದು 1978ರ ಭಾರತೀಯ ಇಂಗ್ಲಿಷ್. ಅಪರೂಪದ ಜೋಡಿಗಳಿಗೆ ಹತ್ತು ಲಕ್ಷ ಸಾಲದು. 1990ರ ದಶಕದ ಬ್ರಿಟಿಷ್ ನ್ಯಾಶನಲ್ ಕಾರ್ಪಸ್‌ನಲ್ಲಿ ಹತ್ತು ಕೋಟಿ ಪದಗಳಿವೆ.

ಕೆಲವು ಜೋಡಿಗಳ ಹಿಂದೆ ಕಥೆಯೂ ಇರುತ್ತದೆ. ತಬ್ಬಿಬ್ಬಾದವರನ್ನು 'ಟೇಕನ್ ಅಬ್ಯಾಕ್' ಅನ್ನುತ್ತಾರಲ್ಲ, ಅದು ಹಾಯಿಹಡಗಿನವರ ಮಾತು. ಗಾಳಿ ಇದ್ದಕ್ಕಿದ್ದಂತೆ ಎದುರಿನಿಂದ ಹೊಡೆದು ಹಾಯಿ ಹಿಂದಕ್ಕೆ ಕಂಬಕ್ಕೆ ಒತ್ತಿಕೊಂಡರೆ ಹಡಗು ಮುಂದೆ ಹೋಗದೆ ನಿಂತುಬಿಡುತ್ತಿತ್ತು.

ಇನ್ನು 'ಕಾಸ್' ಎಂಬ ಕ್ರಿಯಾಪದ. ನಿಘಂಟಿನಲ್ಲಿ ಅದಕ್ಕೆ ಉಂಟುಮಾಡು ಅಂತಷ್ಟೇ ಅರ್ಥ, ಒಳ್ಳೆಯದೋ ಕೆಟ್ಟದ್ದೋ ಅಂತಿಲ್ಲ. ಆದರೆ ಈ ರಾಶಿಗಳಲ್ಲಿ ಅದರ ಜೊತೆಗಾರರನ್ನು ನೋಡಿ: ಡಿಸ್ಟ್ರೆಸ್, ಪೇನ್, ಡ್ಯಾಮೇಜ್, ಪ್ರಾಬ್ಲಮ್ಸ್. ಹೆಚ್ಚಿನವೆಲ್ಲ ಕೆಟ್ಟ ಸುದ್ದಿಗಳೇ. ಹಾಗಾಗಿ ನೆಂಟರಿಗೆ 'ನಿಮ್ಮ ಭೇಟಿ ಕಾಸ್ಡ್ ಗ್ರೇಟ್ ಜಾಯ್' ಅಂತ ಬರೆದರೆ ಏನೋ ಅನಾಹುತವಾದ ವಾಸನೆ ಬರುತ್ತದೆ. 'ಬ್ರಾಟ್' ಅಂದಿದ್ದರೆ ಸಾಕಿತ್ತು.