ಒಳಗಿನ ಸಂದು ಕಾಣದೆ ನೀರಿನ ಹರಿವನ್ನು ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಮಣ್ಣು, ಕಲ್ಲಿನೊಳಗೆ ಲೆಕ್ಕವಿಲ್ಲದಷ್ಟು ಸಂದುಗಳಿರುತ್ತವೆ. ಒಂದೂ ಕಣ್ಣಿಗೆ ಕಾಣಲ್ಲ. ಹಾಗಿದ್ದ ಮೇಲೆ ಅಲ್ಲಿ ನೀರು ಎಷ್ಟು ಹರಿಯುತ್ತದೆ ಅಂತ ಕಂಪ್ಯೂಟರ್ ಹೇಗೆ ಹೇಳುತ್ತದೆ?

ಉತ್ತರ: ಸಂದುಗಳನ್ನು ಅದು ನೋಡುವುದೇ ಇಲ್ಲ. ಒಂದು ಹಿಡಿ ಮರಳಿನಲ್ಲಿ ಸಾವಿರಾರು ಸಂದುಗಳಿವೆ. ಪಕ್ಕದ ಹಿಡಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಇಡೀ ಹಿಡಿಯ ಸರಾಸರಿ ಗುಣ ತಿಳಿದರೆ ಸಾಕು.

ಈ ದಾರಿ ತೋರಿಸಿದವರು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ. ಡಿಜೋನ್ ಊರಿಗೆ ಕುಡಿಯುವ ನೀರು ತಂದವರು ಅವರೇ. ಉದ್ದನೆಯ ಕೊಳವೆಯಲ್ಲಿ ಮರಳು ತುಂಬಿ, ನೀರು ಬಿಟ್ಟು, ಕೆಳಗೆ ಎಷ್ಟು ಬಸಿಯಿತು ಅಂತ ಅಳೆದರು. 1856ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರಿನ ಮಟ್ಟದ ವ್ಯತ್ಯಾಸ ಎರಡು ಪಟ್ಟಾದರೆ ಹರಿವೂ ಎರಡು ಪಟ್ಟು. ಮರಳಿನ ಉದ್ದ ಎರಡು ಪಟ್ಟಾದರೆ ಹರಿವು ಅರ್ಧ. ಇದಕ್ಕೆ ಆ ಮಣ್ಣು ನೀರನ್ನು ಎಷ್ಟು ಸುಲಭವಾಗಿ ಬಿಡುತ್ತದೆ ಅಂತ ಹೇಳುವ ಒಂದು ಸಂಖ್ಯೆ ಸೇರುತ್ತದೆ. ಅದನ್ನು 'ಕೆ' ಅನ್ನುತ್ತಾರೆ.

ಇಡೀ ಕಥೆ ಇರುವುದು ಈ ಕೆ ಒಳಗೇ. ತಳದಲ್ಲಿ ತೂತಿರುವ ಎರಡು ಲೋಟ ತಗೊಳ್ಳಿ. ಒಂದಕ್ಕೆ ಮರಳು, ಇನ್ನೊಂದಕ್ಕೆ ಹಸಿ ಜೇಡಿಮಣ್ಣು ಒತ್ತಿ ತುಂಬಿ ನೀರು ಹಾಕಿ. ಮರಳಿನಲ್ಲಿ ನೀರು ಸರ್ರನೆ ಇಳಿದು ಕೆಳಗೆ ತೊಟ್ಟಿಕ್ಕುತ್ತದೆ. ಜೇಡಿಯ ಮೇಲೆ ಕನ್ನಡಿ ಹಾಗೆ ಸುಮ್ನೆ ನಿಲ್ಲುತ್ತದೆ. ಆದರೆ ಖಾಲಿ ಜಾಗ ಸಾಮಾನ್ಯವಾಗಿ ಜೇಡಿಯಲ್ಲೇ ಜಾಸ್ತಿ! ತೊಡಕಿರುವುದು ಸಂದಿನ ಅಳತೆಯಲ್ಲಿ. ಕಣಕ್ಕೆ ತಾಗಿದ ನೀರು ಅಲ್ಲೇ ಅಂಟಿ ನಿಲ್ಲುತ್ತದೆ. ಸಂದು ಕಿರಿದಾದಷ್ಟೂ ಬಹುಪಾಲು ನೀರು ಗೋಡೆಯ ಪಕ್ಕದಲ್ಲೇ ಇರುತ್ತದೆ, ಅಲ್ವಾ? ಕಣದ ಗಾತ್ರ ಅರ್ಧವಾದರೆ ಕೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. 1 ಮಿ.ಮೀ. ಮರಳಿನಿಂದ 0.002 ಮಿ.ಮೀ. ಜೇಡಿಗೆ ಬಂದರೆ ಈ ಲೆಕ್ಕದಲ್ಲೇ 2.5 ಲಕ್ಷ ಪಟ್ಟು ಕಡಿಮೆ.

ಇನ್ನು ಕಂಪ್ಯೂಟರ್ ಕೆಲಸ. ನೆಲವನ್ನು ಚೌಕ ಚೌಕ ಪೆಟ್ಟಿಗೆಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಒಂದು ಕೆ ಕೊಡುತ್ತಾರೆ. ಒಂದು ಪೆಟ್ಟಿಗೆಯಿಂದ ಪಕ್ಕದ್ದಕ್ಕೆ ಎಷ್ಟು ಹರಿಯುತ್ತದೆ ಅಂತ ಡಾರ್ಸಿಯ ಸೂತ್ರ ಹೇಳುತ್ತದೆ. ಬಂದ ನೀರಿನಲ್ಲಿ ಹೋದ ನೀರು ಕಳೆದರೆ ಉಳಿದದ್ದು ಪೆಟ್ಟಿಗೆಯಲ್ಲಿರಬೇಕು. ಎಲ್ಲ ಪೆಟ್ಟಿಗೆಗಳಿಗೂ ಈ ಲೆಕ್ಕ ಒಟ್ಟಿಗೇ ಹೊಂದಬೇಕು. ಅಮೆರಿಕದ ಭೂವಿಜ್ಞಾನ ಸಂಸ್ಥೆಯ 'ಮಾಡ್‌ಫ್ಲೋ' ಅನ್ನೋ ತಂತ್ರಾಂಶ 1980ರ ದಶಕದಿಂದ ಮಾಡುತ್ತಿರುವುದು ಇದನ್ನೇ.

ಎಷ್ಟೋ ಜನ ಎಡವುವುದು ಒಂದು ಕಡೆ. ಡಾರ್ಸಿ ಸೂತ್ರ ಕೊಡುವ ವೇಗ ನೀರಿನ ನಿಜವಾದ ವೇಗವಲ್ಲ. ನೀರು ಸಂದುಗಳಲ್ಲಿ ಮಾತ್ರ ಹರಿಯುತ್ತದೆ. ಖಾಲಿ ಜಾಗ 25% ಇದ್ದರೆ ನಿಜವಾದ ವೇಗ ನಾಲ್ಕು ಪಟ್ಟು. ನೆಲಕ್ಕೆ ಸೇರಿದ ವಿಷ ಬಾವಿ ಮುಟ್ಟಲು ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕುವಾಗ ಇದನ್ನು ಮರೆತರೆ ಅನಾಹುತ.

ಬಿರುಕು ಬಿಟ್ಟ ಗ್ರಾನೈಟ್‌ನಲ್ಲಂತೂ ಹಿಡಿಯ ಸರಾಸರಿ ನಡೆಯುವುದಿಲ್ಲ. ಗಟ್ಟಿ ಕಲ್ಲು ಹನಿಯನ್ನೂ ಬಿಡದಿರಬಹುದು, ಪಕ್ಕದ ಒಂದೇ ಬಿರುಕು ಎಲ್ಲ ನೀರನ್ನೂ ಸಾಗಿಸಬಹುದು. ಅದಕ್ಕೇ ಇಂಥ ಕಂಪ್ಯೂಟರ್ ಲೆಕ್ಕದ ಯಾವ ಬಣ್ಣದ ನಕ್ಷೆ ನೋಡಿದರೂ ನಾನು ಮೊದಲು ಕೇಳುವುದು ಇದನ್ನೇ: ಈ ಕೆ ಆ ನೆಲದಲ್ಲೇ ಪಂಪ್ ಹಾಕಿ ಅಳೆದದ್ದಾ, ಪುಸ್ತಕದ ಪಟ್ಟಿಯಿಂದ ಎತ್ತಿದ್ದಾ?