ಮಚಿಜುಕುರಿ: ಒಬ್ಬ ಮಾಲೀಕ ಒಪ್ಪದಿದ್ದರೆ?

ಪ್ರಶ್ನೆ: ಜಪಾನಿನಲ್ಲಿ ಬಡಾವಣೆಯವರೇ ಕೂತು ತಮ್ಮ ಬೀದಿಯ ಯೋಜನೆ ಬರೆಯುತ್ತಾರಂತೆ, ಅದಕ್ಕೆ ‘ಮಚಿಜುಕುರಿ’ ಎನ್ನುತ್ತಾರಂತೆ. ಒಬ್ಬ ಮನೆ ಮಾಲೀಕ ‘ನಾನು ಕೇಳುವುದಿಲ್ಲ’ ಎಂದರೆ ಏನು ಮಾಡುತ್ತಾರೆ?

ಉತ್ತರ: ಅವನು ಮೀರಿದ್ದು ಯಾವ ಕಾಗದವನ್ನು ಎಂದು ಮೊದಲು ನೋಡಬೇಕು.

ಕೋಬೆ ನಗರದ ಮಾನೊ ಈ ವಿಷಯದಲ್ಲಿ ಹಳೆಯ ತಾಣ. ಕಾರ್ಖಾನೆಗಳ ಹೊಗೆಯ ವಿರುದ್ಧ 1960ರ ದಶಕದಲ್ಲಿ ಎದ್ದ ಜನ ನಿಧಾನವಾಗಿ ಯೋಜನೆಯತ್ತ ಬಂದರು. ಕೋಬೆ 1981ರಲ್ಲಿ ಮಚಿಜುಕುರಿ ಕಟ್ಟಳೆ ತಂದಿತು: ನಿವಾಸಿಗಳ ಸಮಿತಿಗೆ ಮೇಯರ್ ಮಾನ್ಯತೆ ಕೊಡುತ್ತಾರೆ, ಸಮಿತಿ ನೀಲನಕ್ಷೆ ಒಪ್ಪಿಸುತ್ತದೆ, ಆಮೇಲೆ ಇಬ್ಬರ ನಡುವೆ ಒಪ್ಪಂದ. ಇದನ್ನು ಮೀರಿದರೆ ನಗರಸಭೆ ಕರೆದು ಮಾತಾಡಬಹುದು, ಅಷ್ಟೇ.

ಅದಕ್ಕಿಂತ ಗಟ್ಟಿಯಾದದ್ದು 1980ರಲ್ಲಿ ಕಾನೂನಿಗೆ ಸೇರಿದ ‘ಚಿಕು ಕೇಕಾಕು’, ಅಂದರೆ ಬಡಾವಣೆ ಯೋಜನೆ. ಕಟ್ಟಡದ ಎತ್ತರ, ಬಳಕೆ, ಗೋಡೆ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಇದರಲ್ಲಿ. ಕೆಲಸ ಶುರುವಾಗುವ 30 ದಿನ ಮೊದಲೇ ತಿಳಿಸಬೇಕು. ತಪ್ಪಿದ್ದರೆ ‘ತಿದ್ದಿಕೊಳ್ಳಿ’ ಎಂಬ ಶಿಫಾರಸು ಬರುತ್ತದೆ. ಅದೇ ನಿಯಮವನ್ನು ನಗರಸಭೆ ಕಟ್ಟಡ ಕಾಯ್ದೆಯಡಿ ಕಟ್ಟಳೆಯಾಗಿಸಿದರೆ ಮಾತ್ರ ನಿಜವಾದ ಹಲ್ಲು ಮೂಡುತ್ತದೆ. ಆಗ ನಿಯಮ ಮೀರಿದ ನಕ್ಷೆಗೆ ಮಂಜೂರಾತಿಯೇ ಸಿಗುವುದಿಲ್ಲ.

ಆದರೆ ಗಂಟು ಬೀಳುವುದು ಹಟದಿಂದಲ್ಲ, ಸೈಟಿನ ಅಳತೆಯಿಂದ. ಮನೆ ಕಟ್ಟಲು 4 ಮೀಟರ್ ರಸ್ತೆ ಬೇಕು. ಹಳೆಯ ಓಣಿ 2 ಮೀಟರ್ ಇದ್ದರೆ, ಹೊಸದಾಗಿ ಕಟ್ಟುವಾಗ ಎರಡೂ ಬದಿಯವರು ತಲಾ 1 ಮೀಟರ್ ಹಿಂದೆ ಸರಿಯಬೇಕು. 5×8 ಮೀಟರ್ ಸೈಟು ಎಂದರೆ 40 ಚದರ ಮೀಟರ್, ನಮ್ಮ 20-30 ಸೈಟಿಗಿಂತಲೂ ಚಿಕ್ಕದು. ಓಣಿಗೆ ತಾಗಿದ 5 ಮೀಟರ್ ಬದಿಯಲ್ಲಿ 1 ಮೀಟರ್ ಬಿಟ್ಟರೆ ಉಳಿಯುವುದು 35. ಅದರಲ್ಲಿ ಶೇ. 60ರಷ್ಟು ಮಾತ್ರ ಕಟ್ಟಬಹುದಾದರೆ ಕೆಳ ಅಂತಸ್ತು 24ರಿಂದ 21ಕ್ಕೆ ಇಳಿಯಿತು. ಹೀಗಾಗಿ ಮಾಲೀಕ ಮನೆ ಕೆಡವುವುದೇ ಇಲ್ಲ, ಹಳೆಯದಕ್ಕೇ ತೇಪೆ ಹಾಕುತ್ತಾನೆ.

ಸಮಿತಿಯ ಉಪಯೋಗ ಇರುವುದು ಇಲ್ಲೇ ಎನ್ನಬೇಕು. ಅಕ್ಕಪಕ್ಕದ ಮೂರು ಸೈಟು ಒಗ್ಗೂಡಿಸಿ ಒಂದೇ ಕಟ್ಟಡ ಕಟ್ಟಿದರೆ ಮನೆಗಳ ನಡುವೆ ಸಂದಿಗೆ ಬಿಡುವ ಜಾಗ ಉಳಿತಾಯವಾಗುತ್ತದೆ, ಮೆಟ್ಟಿಲು ಒಂದೇ ಸಾಕು. ಆದರೆ ನೆಲ ಒಬ್ಬರದು, ಮನೆ ಇನ್ನೊಬ್ಬರದು, ಬಾಡಿಗೆದಾರ ಮತ್ತೊಬ್ಬ. ಮುದಿ ಮಾಲೀಕರಿಗೆ ಬ್ಯಾಂಕ್ ಸಾಲ ಕೊಡಲು ಹಿಂಜರಿಯುತ್ತದೆ. ಒಂದು ಸಹಿ ತಪ್ಪಿದರೂ ಕೆಲಸ ನಿಂತಿತು.

ಹೀಗೆ ಓಣಿಯಲ್ಲಿ ಒಂದು ಮನೆ ಒಳಕ್ಕೆ, ಪಕ್ಕದ್ದು ಹೊರಕ್ಕೆ. ಬಿಟ್ಟ 1 ಮೀಟರಿನಲ್ಲೂ ಆಮೇಲೆ ಹೂಕುಂಡ, ಸೈಕಲ್ ಬಂದು ಕೂರುತ್ತವೆ. ಅಗ್ನಿಶಾಮಕ ವಾಹನಕ್ಕೆ ಮಾತ್ರ ಓಣಿಯ ಅತಿ ಇಕ್ಕಟ್ಟಾದ ಜಾಗವೇ ಅದರ ಅಗಲ.