ಹತ್ತಡಿಗೆ ಹದಿನೈದಡಿ: ಮೈಸೂರಿನ ಬಾಡಿಗೆ ಕಾನೂನು ನಡೆದು ಬಂದ ದಾರಿ

ಶಿವರಾಂಪೇಟೆಯಲ್ಲೋ ಸಂತೇಪೇಟೆಯಲ್ಲೋ ಹತ್ತಡಿ ಅಗಲ, ಹದಿನೈದಡಿ ಉದ್ದದ ಮಳಿಗೆಯನ್ನು ಬಾಡಿಗೆಗೆ ಹಿಡಿದ ವ್ಯಾಪಾರಿಗೆ ರಾಜ್ಯದ ಬಾಡಿಗೆ ಕಾಯ್ದೆಯ ರಕ್ಷಣೆ ಸಿಕ್ಕರೂ ಸಿಗಬಹುದು. ಅದೇ ಸಾಲಿನಲ್ಲಿ ಹದಿನಾರಡಿ ಉದ್ದದ ಮಳಿಗೆ ಹಿಡಿದವನಿಗೆ ಅದು ಸಿಗುವುದಿಲ್ಲ. ವಾಣಿಜ್ಯ ಮಳಿಗೆಗೆ ಕಾಯ್ದೆ ಹಾಕಿರುವ ಮಿತಿ 14 ಚದರ ಮೀಟರ್. ಮೊದಲನೆಯ ಮಳಿಗೆ ಆ ಗೆರೆಯ ಒಳಗೆ ಹೇಗೋ ನುಸುಳುತ್ತದೆ, ಎರಡನೆಯದು ಹೊರಗೆ ಬೀಳುತ್ತದೆ. ಗೋಡೆಯ ದಪ್ಪವನ್ನೂ ಸೇರಿಸಿ ಅಳೆದರೆ ಮೊದಲನೆಯದೂ ಹೊರಗೆ ಹೋಗಬಹುದು, ಆದ್ದರಿಂದ ಮೊಕದ್ದಮೆ ಹೂಡುವ ಮುನ್ನ ವಕೀಲರು ಟೇಪು ಹಿಡಿಸಿ ಅಳತೆ ತೆಗೆಸುವುದರಲ್ಲಿ ಆಶ್ಚರ್ಯವೇನಿಲ್ಲ.

ಒಂದಡಿಯ ವ್ಯತ್ಯಾಸದಲ್ಲಿ ಒಬ್ಬನ ಹಕ್ಕು ಬದಲಾಗುವುದು ಹೇಗೆ ಎಂಬುದನ್ನು ತಿಳಿಯಲು ಸುಮಾರು ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಡ ಸಾಮಗ್ರಿ ದುರ್ಲಭವಾಗಿ, ಪಟ್ಟಣಗಳಲ್ಲಿ ಮನೆಗೆ ಅಭಾವ ಬಂದಾಗ, ಬಾಡಿಗೆಗೆ ಕಡಿವಾಣ ಹಾಕುವ ಆದೇಶಗಳು ದೇಶದ ಹಲವೆಡೆ ಹೊರಟವು. ತಾತ್ಕಾಲಿಕವೆಂದು ಬಂದ ಆ ಕಡಿವಾಣ ಯುದ್ಧ ಮುಗಿದ ಮೇಲೂ ಉಳಿಯಿತು. ಮೈಸೂರು ರಾಜ್ಯದಲ್ಲಿ ಅದು 1951ರಲ್ಲಿ ಕಾಯ್ದೆಯ ರೂಪ ಪಡೆಯಿತು, ಏಕೀಕರಣದ ನಂತರ 1961ರಲ್ಲಿ ಹೊಸ ರಾಜ್ಯಕ್ಕೆಲ್ಲ ಒಂದೇ ಬಾಡಿಗೆ ನಿಯಂತ್ರಣ ಕಾಯ್ದೆಯಾಯಿತು.

ಇಂದಿನ ಗೊಂದಲದ ಬೇರು ಇರುವುದು 1961ರ ಕಾಯ್ದೆ ಜಾರಿಯಲ್ಲಿದ್ದ ನಾಲ್ಕು ದಶಕಗಳಲ್ಲಿ. ಅದರ ಪ್ರಕಾರ ಮನೆ ಖಾಲಿಯಾದರೆ ಮಾಲೀಕನು ನಿಯಂತ್ರಣಾಧಿಕಾರಿಗೆ ತಿಳಿಸಬೇಕಾಗಿತ್ತು. ನ್ಯಾಯವಾದ ಬಾಡಿಗೆ ಎಷ್ಟೆಂಬುದನ್ನು ಅಧಿಕಾರಿ ನಿಗದಿ ಮಾಡಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಕರಾರು ಪತ್ರದಲ್ಲಿ ಏನೇ ಬರೆದಿದ್ದರೂ, 21ನೆಯ ಕಲಮು ಪಟ್ಟಿ ಮಾಡಿದ ಕಾರಣಗಳಿಲ್ಲದೆ ಬಾಡಿಗೆದಾರನನ್ನು ಹೊರಹಾಕುವಂತಿರಲಿಲ್ಲ. ಬಾಡಿಗೆ ಬಾಕಿ, ಒಳಬಾಡಿಗೆಗೆ ಕೊಟ್ಟಿರುವುದು, ಮಾಲೀಕನ ಸ್ವಂತ ಉಪಯೋಗದ ಪ್ರಾಮಾಣಿಕ ಅಗತ್ಯ, ಕಟ್ಟಡ ಕೆಡವಿ ಮತ್ತೆ ಕಟ್ಟುವುದು ಇವು ಆ ಪಟ್ಟಿಯಲ್ಲಿದ್ದ ಮುಖ್ಯ ಕಾರಣಗಳು. ಸ್ವಂತ ಅಗತ್ಯ ಸಾಬೀತಾದರೂ ಸಾಲುತ್ತಿರಲಿಲ್ಲ. ಮನೆ ಬಿಟ್ಟರೆ ಬಾಡಿಗೆದಾರನಿಗೆ ಆಗುವ ತೊಂದರೆ ಹೆಚ್ಚೋ, ಬಿಡಿಸದಿದ್ದರೆ ಮಾಲೀಕನಿಗೆ ಆಗುವ ತೊಂದರೆ ಹೆಚ್ಚೋ ಎಂಬುದನ್ನು ನ್ಯಾಯಾಲಯ ತೂಗಿ ನೋಡಬೇಕಾಗಿತ್ತು.

ಅಂದಿನ ಮೈಸೂರನ್ನು ನೆನೆದರೆ ಈ ಕಾಯ್ದೆಯ ಕಾಳಜಿ ಅರ್ಥವಾಗುತ್ತದೆ. ಅಗ್ರಹಾರದ, ಚಾಮುಂಡಿಪುರದ ವಠಾರಗಳಲ್ಲಿ ಒಂದೇ ಬಾವಿ, ಒಂದೇ ಹಜಾರವನ್ನು ಹಂಚಿಕೊಂಡು ಹಲವು ಸಂಸಾರಗಳು ಬದುಕುತ್ತಿದ್ದವು. ಗುಮಾಸ್ತರು, ಶಾಲಾ ಉಪಾಧ್ಯಾಯರು, ಓದಲು ಬಂದ ಹಳ್ಳಿಯ ಹುಡುಗರು ಇಂಥವರಿಗೆ ತಿಂಗಳ ಬಾಡಿಗೆ ಇದ್ದಕ್ಕಿದ್ದಂತೆ ಏರದು ಎಂಬ ಭರವಸೆ ದೊಡ್ಡದಾಗಿತ್ತು. ಆ ಭರವಸೆ ತಪ್ಪೆಂದು ಈ ಲೇಖಕನಿಗೆ ಅನ್ನಿಸುವುದಿಲ್ಲ. ಆದರೆ ಅಕ್ಕಿಯ ಬೆಲೆ, ಸಂಬಳ, ಸುಣ್ಣ ಬಣ್ಣದ ಖರ್ಚು, ಮನೆ ಕಂದಾಯ ಎಲ್ಲವೂ ಏರುತ್ತಿದ್ದಾಗ ಬಾಡಿಗೆಯ ಅಂಕಿಯೊಂದು ಮಾತ್ರ ನಿಂತಲ್ಲೇ ನಿಂತಿತು. ಎರಡಂಕಿಯ ಬಾಡಿಗೆ ಪಡೆಯುವ ಮಾಲೀಕನಿಗೆ ಸೋರುವ ಹಂಚಿನ ಮಾಡನ್ನು ಕೈಯಾಡಿಸುವ ಶಕ್ತಿಯೂ ಉಳಿಯಲಿಲ್ಲ, ಮನಸ್ಸೂ ಉಳಿಯಲಿಲ್ಲ. ಈ ಮಾಲೀಕರಲ್ಲಿ ಎಲ್ಲರೂ ಧನಿಕರಲ್ಲ. ಗಂಡ ಬಿಟ್ಟುಹೋದ ಎರಡು ಮನೆಯ ಬಾಡಿಗೆಯಲ್ಲೇ ಜೀವನ ಸಾಗಿಸಬೇಕಾದ ವಿಧವೆಯರೂ ಅವರಲ್ಲಿದ್ದರು.

ನ್ಯಾಯಾಲಯದ ಆವರಣದಲ್ಲಿ ಈ ವ್ಯಾಜ್ಯಗಳನ್ನು ಇಂದಿಗೂ ‘ಎಚ್.ಆರ್.ಸಿ. ಕೇಸು’ (ಹೌಸ್ ರೆಂಟ್ ಕಂಟ್ರೋಲ್, ಅಂದರೆ ಮನೆ ಬಾಡಿಗೆ ನಿಯಂತ್ರಣದ ಕೇಸು) ಎಂದೇ ಕರೆಯುತ್ತಾರೆ. ಅರ್ಜಿ ಹಾಕಿದ ಮಾಲೀಕ ತೀರಿಕೊಂಡು, ಉತ್ತರ ಸಲ್ಲಿಸಿದ ಬಾಡಿಗೆದಾರನೂ ತೀರಿಕೊಂಡು, ಮಕ್ಕಳು ಮಕ್ಕಳ ನಡುವೆ ಕೇಸು ಮುಂದುವರಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಅಂಗಡಿಗಳ ವಿಷಯದಲ್ಲಂತೂ ಗಂಟು ಇನ್ನೂ ಬಿಗಿಯಾಗಿತ್ತು. ವ್ಯಾಪಾರದ ಬಾಡಿಗೆ ಹಕ್ಕೂ ವಾರಸುದಾರರಿಗೆ ಇಳಿದು ಬರುತ್ತದೆ ಎಂದು 1985ರಲ್ಲಿ, ದೆಹಲಿಯ ಕಾಯ್ದೆಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ, ಸುಪ್ರೀಂ ಕೋರ್ಟ್ ಹೇಳಿತು. ಅಪ್ಪನ ಅಂಗಡಿಯನ್ನೇ ನಂಬಿದ ಮಗನಿಗೆ ಅದು ಆಸರೆಯಾಯಿತು. ಬಾಡಿಗೆಗೆ ಕೊಟ್ಟ ಮಳಿಗೆ ತಲೆಮಾರು ಕಳೆದರೂ ಹಿಂದಿರುಗದು ಎಂಬ ಭಯ ಮಾಲೀಕರಲ್ಲಿ ಬೇರೂರಿತು. ಬಾಡಿಗೆ ಕಡಿಮೆ ತೋರಿಸಿ ‘ಗುಡ್‌ವಿಲ್’ ಎಂಬ ಹೆಸರಿನಲ್ಲಿ ರಸೀದಿಯಿಲ್ಲದ ದೊಡ್ಡ ಮೊತ್ತ ಕೈ ಬದಲಾಯಿಸುವ ಪದ್ಧತಿ ಈ ಭಯವನ್ನೇ ತಿಂದು ಬೆಳೆಯಿತು.

ಈ ಜಡತೆಯನ್ನು ಮುರಿಯಲೆಂದು ಬಂದದ್ದು ಕರ್ನಾಟಕ ಬಾಡಿಗೆ ಕಾಯ್ದೆ, 1999. ಅದು ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಪ್ರದೇಶವನ್ನನುಸರಿಸಿ ತಿಂಗಳ ಬಾಡಿಗೆ 3,500 ರೂಪಾಯಿ ಅಥವಾ 2,000 ರೂಪಾಯಿ ಮೀರಿದರೆ ಆ ಕಟ್ಟಡಕ್ಕೆ ಕಾಯ್ದೆ ಅನ್ವಯಿಸದು. ವಾಸಕ್ಕಲ್ಲದ ಕಟ್ಟಡಗಳಲ್ಲಿ 14 ಚದರ ಮೀಟರಿಗೆ ಮೀರದ ವಾಣಿಜ್ಯ ಮಳಿಗೆಗಳು ಮಾತ್ರ ಅದರ ವ್ಯಾಪ್ತಿಯಲ್ಲಿ ಉಳಿದವು. ಬಾಡಿಗೆ ಹಕ್ಕು ವಾರಸುದಾರರಿಗೆ ಇಳಿಯುವ ಅವಧಿಗೂ ಮಿತಿ ಬಿತ್ತು. ಹೊಸ ಕಾಯ್ದೆಯ ವ್ಯಾಪ್ತಿಯಿಂದ ಹೊರಗುಳಿದ ಕಟ್ಟಡಗಳ ಹಳೆಯ ಕೇಸುಗಳು ಅಲ್ಲಿಗೇ ನಿಂತುಹೋದವು. ವರ್ಷಗಟ್ಟಲೆ ಅಲೆದ ಮಾಲೀಕನು ನೋಟಿಸಿನಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕಾಯಿತು.

3,500 ರೂಪಾಯಿ ಎಂಬುದು 2001ರಲ್ಲಿ ಮೈಸೂರಿನ ಮಧ್ಯಮ ವರ್ಗದ ಮನೆಯೊಂದಕ್ಕೆ ಹೊಂದುವ ಅಂಕಿಯಾಗಿತ್ತು. ಹೂಟಗಳ್ಳಿ, ಬೋಗಾದಿಯ ಕಡೆಗೆ ಊರು ಬೆಳೆದು, ಮಾಹಿತಿ ತಂತ್ರಜ್ಞಾನದ ಕಂಪನಿಗಳು ಬಂದು, ಬಾಡಿಗೆ ಹಲವು ಪಟ್ಟು ಏರಿದರೂ ಕಾಯ್ದೆಯ ಅಂಕಿ ಏರಲಿಲ್ಲ. ಹಿಂದೆ ಬಾಡಿಗೆಯನ್ನು ನಿಂತಲ್ಲೇ ನಿಲ್ಲಿಸಿದ್ದರಿಂದ ಮಾಲೀಕ ಸೋತಿದ್ದ. ಈಗ ಮಿತಿಯನ್ನು ನಿಂತಲ್ಲೇ ನಿಲ್ಲಿಸಿದ್ದರಿಂದ ಬಾಡಿಗೆದಾರ ಸೋತಿದ್ದಾನೆ. ಕಾಯ್ದೆ ಪುಸ್ತಕದಲ್ಲಿ ಉಳಿದಿದೆ, ಅದರ ನೆರಳಿನಲ್ಲಿ ನಿಲ್ಲಬಲ್ಲ ಮನೆ ಮಾತ್ರ ಊರಿನಲ್ಲಿ ಹುಡುಕಿದರೂ ಅಪರೂಪ.

ಹೊರಗುಳಿದವರೆಲ್ಲರೂ ಸೇರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ತೆಕ್ಕೆಗೆ. ಅಲ್ಲಿ ತಿಂಗಳ ಬಾಡಿಗೆದಾರನನ್ನು ಬಿಡಿಸಲು ಕಾರಣವೇ ಬೇಕಿಲ್ಲ, 106ನೆಯ ಕಲಮಿನ ಪ್ರಕಾರ ಹದಿನೈದು ದಿನಗಳ ನೋಟಿಸು ಸಾಕು. ಹಿಂದೆ ನೋಟಿಸಿನ ಗಡುವು ಬಾಡಿಗೆ ತಿಂಗಳ ಕೊನೆಯ ದಿನಕ್ಕೆ ಸರಿಯಾಗಿ ಮುಗಿಯಲಿಲ್ಲವೆಂಬ ಒಂದೇ ಕಾರಣಕ್ಕೆ ದಾವೆ ಬಿದ್ದುಹೋಗುತ್ತಿತ್ತು. 2002ರ ಕೊನೆಯಲ್ಲಿ ಬಂದ ತಿದ್ದುಪಡಿ ಆ ತಾಂತ್ರಿಕ ತೊಡಕನ್ನೂ ತೆಗೆದುಹಾಕಿತು. ಆದರೂ ನೋಟಿಸು ಮುಗಿದ ಮಾತ್ರಕ್ಕೆ ಮಾಲೀಕನು ತಾನೇ ಬೀಗ ಜಡಿಯುವಂತಿಲ್ಲ, ನೀರು ವಿದ್ಯುತ್ ಕಡಿಯುವಂತಿಲ್ಲ. ಬಿಡಿಸಬೇಕಾದರೆ ನ್ಯಾಯಾಲಯದ ಆದೇಶವೇ ಬೇಕು. ಇದನ್ನು ತಿಳಿಯದೆ ಬೆದರಿ ಗಂಟುಮೂಟೆ ಕಟ್ಟಿದ ಬಾಡಿಗೆದಾರರು ಎಷ್ಟೋ ಮಂದಿ.

ಹನ್ನೊಂದು ತಿಂಗಳ ಕರಾರು ಹುಟ್ಟಿದ್ದೂ ಇಂಥದೇ ಇನ್ನೊಂದು ಮಿತಿಯಿಂದ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗೇಣಿಪತ್ರಕ್ಕೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಕಡ್ಡಾಯ, ಆದ್ದರಿಂದ ಪತ್ರ ಬರೆಯುವವರು ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಹತ್ತು ವರ್ಷ ಕಳೆದರೂ ಅದೇ ಮನೆಯಲ್ಲಿರುವವರ ಪೆಟ್ಟಿಗೆಯಲ್ಲಿ ಹನ್ನೊಂದು ತಿಂಗಳ ಒಂದೇ ಹಳೆಯ ಪತ್ರವಿರುತ್ತದೆ. ಅದಕ್ಕೆ ಸರಿಯಾದ ಮುದ್ರಾಂಕ ಶುಲ್ಕ ಕಟ್ಟದಿದ್ದರೆ, ಕೊರತೆಯ ಮೊತ್ತವನ್ನೂ ಅದರ ಹತ್ತು ಪಟ್ಟು ದಂಡವನ್ನೂ ತೆರುವವರೆಗೆ ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸದು. ಮುಂಗಡ ಎಷ್ಟು ಕೊಟ್ಟಿದ್ದೆನೆಂದು ತೋರಿಸಲು ಆ ಪತ್ರವೊಂದನ್ನೇ ನಂಬಿದ ಬಾಡಿಗೆದಾರನಿಗೆ ಇದು ತಿಳಿಯುವುದು ಸಾಕ್ಷಿ ಹೇಳುವ ದಿನ.

ಭೋಗ್ಯದ ಸ್ಥಿತಿ ಇದಕ್ಕಿಂತ ಅಪಾಯದ್ದು. ಒಂದಷ್ಟು ಲಕ್ಷ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸವಿದ್ದು, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುವ ಈ ಏರ್ಪಾಟನ್ನು ಜನ ‘ಲೀಸ್’ ಎನ್ನುತ್ತಾರೆ. ಆದರೆ ಸ್ವರೂಪದಲ್ಲಿ ಅದು ಸ್ವಾಧೀನ ಸಹಿತ ಅಡಮಾನಕ್ಕೆ ಹತ್ತಿರ. ನೂರು ರೂಪಾಯಿ ಅಥವಾ ಹೆಚ್ಚಿನ ಸಾಲಕ್ಕೆ ಮಾಡುವ ಇಂಥ ಅಡಮಾನ ನೋಂದಣಿಯಾಗಲೇಬೇಕೆಂದು 1882ರ ಕಾಯ್ದೆ ಹೇಳುತ್ತದೆ. ಅಂದಿನ ಆ ನೂರು ರೂಪಾಯಿ ಇಂದಿಗೂ ನೂರೇ ಆಗಿರುವುದರಿಂದ ಊರಿನ ಪ್ರತಿಯೊಂದು ಭೋಗ್ಯವೂ ಅದರೊಳಗೆ ಬೀಳುತ್ತದೆ, ಆದರೂ ನೋಂದಣಿ ಮಾಡಿಸುವವರು ವಿರಳ. ಮಾಲೀಕ ಅದೇ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ತೆಗೆದು ಕಂತು ತಪ್ಪಿಸಿದ್ದರೆ, ಹರಾಜಿನ ನೋಟಿಸು ಬಾಗಿಲಿಗೆ ಅಂಟಿದಾಗ ಭೋಗ್ಯದಾರನ ಕೈಯಲ್ಲಿ ಗಟ್ಟಿ ದಾಖಲೆ ಇರುವುದಿಲ್ಲ. ಹಣ ಕೊಡುವ ಮುನ್ನ, ಆಸ್ತಿಯ ಮೇಲೆ ನೋಂದಣಿಯಾದ ಅಡಮಾನಗಳನ್ನು ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡುವುದು ಒಂದು ದಿನದ ಕೆಲಸ. ಆ ಒಂದು ದಿನವನ್ನು ಯಾರೂ ಉಳಿಸಿಕೊಳ್ಳಬಾರದು.

ಪಾಲಿಕೆಯ ಮಳಿಗೆಗಳ ದಾರಿಯೇ ಬೇರೆ. ದೇವರಾಜ ಮಾರುಕಟ್ಟೆಯಂಥ ಕಡೆ ಅಂಗಡಿ ಇಟ್ಟವರಿಗೆ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಅವರನ್ನು ತೆರವುಗೊಳಿಸಲು 1974ರ ಸಾರ್ವಜನಿಕ ಆವರಣಗಳ ಕಾಯ್ದೆಯಿದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಗಳು ಹೋದ ಮೇಲೆ, 2016ರಲ್ಲಿ ಮಾರುಕಟ್ಟೆಯ ಒಂದು ಭಾಗವೂ ಬಿದ್ದ ಮೇಲೆ, ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ಚರ್ಚೆ ಪರಂಪರೆಯ ಕಟ್ಟಡಗಳ ಸುತ್ತಲೇ ಸುತ್ತಿತು. ಒಳಗಿದ್ದ ಹೂವಿನವರ, ಬಾಳೆಹಣ್ಣಿನವರ ಹಕ್ಕೇನೆಂಬ ಪ್ರಶ್ನೆಗೆ ಅಷ್ಟು ಗಮನ ಸಿಗಲಿಲ್ಲ.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಅದು ಮಾದರಿ ಮಾತ್ರ, ರಾಜ್ಯವು ತನ್ನದೇ ಕಾನೂನು ಮಾಡದ ಹೊರತು ಮೈಸೂರಿನ ಯಾವ ಮನೆಗೂ ಅನ್ವಯಿಸದು. ಕರಾರು ಲಿಖಿತವಾಗಿರಬೇಕು, ವ್ಯಾಜ್ಯಕ್ಕೆ ಪ್ರತ್ಯೇಕ ಪ್ರಾಧಿಕಾರ ಇರಬೇಕು ಎಂಬುದರ ಜತೆಗೆ, ಮುಂಗಡವು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು, ಅಂಗಡಿಗೆ ಆರು ತಿಂಗಳ ಬಾಡಿಗೆಯನ್ನು ಮೀರಬಾರದು ಎಂದು ಅದರಲ್ಲಿದೆ. ಐದು, ಕೆಲವೊಮ್ಮೆ ಹತ್ತು ತಿಂಗಳ ಮುಂಗಡ ಕೇಳುವ ನಮ್ಮ ಊರಿನಲ್ಲಿ ಇದು ಎಷ್ಟರಮಟ್ಟಿಗೆ ನಡೆದೀತು ಎಂಬ ಅನುಮಾನ ಸಹಜ. ಆದರೂ ಆ ಮಿತಿಯನ್ನು ಬರೆದಿರುವುದು ರೂಪಾಯಿಯಲ್ಲಲ್ಲ, ತಿಂಗಳುಗಳಲ್ಲಿ. ಬಾಡಿಗೆ ಮೂರು ಸಾವಿರವಿರಲಿ, ಮೂವತ್ತು ಸಾವಿರವಿರಲಿ, ಎರಡು ತಿಂಗಳು ಎಂದರೆ ಎರಡೇ ತಿಂಗಳು.